ತೋಡು ಮುಚ್ಚಿ ಮಳೆಯನ್ನು ದೂರುವವರು

ಗುರುವಾಯನಕೆರೆಯ ಹೆಸರಿನಲ್ಲೇ ಕೆರೆಯಿದೆ. ಮಂಗಳೂರು, ಚಾರ್ಮಾಡಿ, ಕಾರ್ಕಳ, ಮೂಡುಬಿದಿರೆಗಳ ಕಡೆಯ ಹಾದಿಗಳು ಕೂಡುವ ಈ ಸ್ಥಳ ಪೇಟೆಯಾಗಿ ಬೆಳೆಯುತ್ತಿದೆ. ಬೆಳೆಯಬಾರದೆಂದು ಯಾರೂ ಹೇಳುತ್ತಿಲ್ಲ. ಆದರೆ ಬೆಳವಣಿಗೆಯ ಹೆಸರಿನಲ್ಲಿ ಮಳೆನೀರಿನ ದಾರಿಯನ್ನು ಮುಚ್ಚುವ ಹಕ್ಕು ಯಾರಿಗೂ ಇಲ್ಲ.

ಪೇಟೆಗಳಲ್ಲಿ ನೀರು ನಿಂತೊಡನೆ ಕೇಳಿಬರುವ ಸಬೂಬು ಒಂದೇ: ‘ಮಳೆ ಹೆಚ್ಚಾಯಿತು’. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಕಾಣುವ ದಕ್ಷಿಣ ಕನ್ನಡಕ್ಕೆ ಜಡಿಮಳೆ ಹೊಸತಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿಯ ತಪ್ಪಲಿನ ಹಳ್ಳಿಗಳಿಗೆ ನುಗ್ಗಿದ ನೆರೆಯೇ ಬೇರೆ, ಒಂದು ತಾಸಿನ ಮಳೆಗೆ ಅಂಗಡಿಯೊಳಗೆ ಏರುವ ನೀರೇ ಬೇರೆ. ಈ ಎರಡನೆಯದು ಬಹುಮಟ್ಟಿಗೆ ಮನುಷ್ಯನ ಕೈಕೆಲಸ.

ಲೆಕ್ಕ ಸರಳ. ಒಂದು ಎಕರೆಯ ಮೇಲೆ 100 ಮಿ.ಮೀ. ಮಳೆ ಸುರಿದರೆ ಅದು ಸುಮಾರು 4 ಲಕ್ಷ ಲೀಟರ್ ನೀರು. ಅಲ್ಲಿ ಬೈಲುಗದ್ದೆಯಿದ್ದರೆ ಆ ನೀರು ಹುಣಿಗಳ ನಡುವೆ ತಂಗಿ, ಅಷ್ಟಿಷ್ಟು ಇಂಗಿ, ಮಿಕ್ಕದ್ದು ನಿಧಾನವಾಗಿ ತೋಡಿಗೆ ಇಳಿಯುತ್ತದೆ. ಅದೇ ಗದ್ದೆಗೆ ಮಣ್ಣು ತುಂಬಿ ಕಾಂಕ್ರೀಟು ಹಾಸಿದರೆ ಬಹುಪಾಲು ನೀರು ಕೂಡಲೇ ಹೊರಬೀಳುತ್ತದೆ. ಎತ್ತರಿಸಿದ ನಿವೇಶನದವನು ಪಾರಾಗುತ್ತಾನೆ. ಮುಳುಗುವುದು ತಗ್ಗಿನ ಬಡವನ ಅಂಗಳ. ಇಂಗದೆ ಹೋದ ನೀರಿಗಾಗಿ ಏಪ್ರಿಲ್‌ನಲ್ಲಿ ಟ್ಯಾಂಕರ್ ಕಾಯಬೇಕಾದವನೂ ಅವನೇ.

‘ಚರಂಡಿ ಕಟ್ಟುತ್ತೇವಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ತೋಡು ನೆಲದ ಇಳಿಜಾರನ್ನು ಹಿಡಿದು ಹರಿಯುತ್ತದೆ. ಚರಂಡಿಯಾದರೋ ರಸ್ತೆ ಹೋದತ್ತ ಹೋಗುತ್ತದೆ. ಎರಡು ಮಾರು ಅಗಲದ ತೋಡನ್ನು ಎರಡಡಿಯ ಮೋರಿಗೆ ತುರುಕಿದರೆ ನೀರು ರಸ್ತೆಗೇ ಏರದೆ ಮತ್ತೆಲ್ಲಿಗೆ ಹೋದೀತು?

ಇದರ ಫಲವನ್ನು ದೊಡ್ಡ ನಗರಗಳು ಉಣ್ಣುತ್ತಿವೆ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್‌ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರಿನ ಆಸುಪಾಸಿನ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಮಂಗಳೂರು 2018ರ ಮೇ 29ರಂದು ಒಂದೇ ದಿನದ ಮಳೆಗೆ ತತ್ತರಿಸಿತು. ಕೊಟ್ಟಾರ ಚೌಕಿಯ ಮಳೆಗಾಲದ ಗೋಳು ಎಲ್ಲರಿಗೂ ತಿಳಿದದ್ದೇ. ಆ ನಗರಗಳು ಕೋಟಿಗಟ್ಟಲೆ ಸುರಿದರೂ ಮರಳಿ ಪಡೆಯಲಾರದ ಕೆರೆ, ಗದ್ದೆ, ತೋಡುಗಳು ಬೆಳೆಯುತ್ತಿರುವ ಸಣ್ಣ ಪೇಟೆಗಳ ಕೈಯಲ್ಲಿ ಇನ್ನೂ ಉಳಿದಿವೆ.

ಕಾನೂನಿನ ಬಲವೂ ಇಲ್ಲದಿಲ್ಲ. ಕೆರೆಕುಂಟೆಗಳು ಸಮುದಾಯದ ಸಂಪತ್ತು, ಅವುಗಳನ್ನು ಉಳಿಸಬೇಕೆಂದು ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2001ರಲ್ಲೇ ಸ್ಪಷ್ಟಪಡಿಸಿದೆ. ಕೊರತೆಯಿರುವುದು ಕಾನೂನಿನದಲ್ಲ, ಅದನ್ನು ಜಾರಿಗೊಳಿಸುವ ಇಚ್ಛೆಯದು.

ಆದುದರಿಂದ ಗ್ರಾಮಸಭೆಗಳು ಈ ಬೇಡಿಕೆಗಳನ್ನು ನಿರ್ಣಯವಾಗಿ ದಾಖಲಿಸಬೇಕು:

1. ಕೆರೆ ಮತ್ತು ತೋಡುಗಳ ಗಡಿಯನ್ನು ಅಳೆದು, ನಕ್ಷೆಯನ್ನು ಪಂಚಾಯತಿನಲ್ಲಿ ಸಾರ್ವಜನಿಕವಾಗಿ ಪ್ರಕಟಿಸಬೇಕು.

2. ನೀರಿನ ದಾರಿಯನ್ನು ಸ್ಥಳದಲ್ಲೇ ಪರಿಶೀಲಿಸದೆ ಬೈಲುಗದ್ದೆಗಳ ಭೂಪರಿವರ್ತನೆಗೆ ಒಪ್ಪಿಗೆ ಕೊಡಬಾರದು.

3. ರಸ್ತೆ ವಿಸ್ತರಿಸುವಾಗ ಮೋರಿಗಳು ತೋಡಿನ ಅಗಲಕ್ಕೆ ತಕ್ಕಂತಿರಬೇಕು.

4. ಪ್ರತಿ ವರ್ಷ ಪತ್ತನಾಜೆಯೊಳಗೆ ತೋಡುಗಳ ಹೂಳು ತೆಗೆಯಬೇಕು.

ಗ್ರಾಮಸಭೆಯಲ್ಲಿ ಇಂದು ಕೇಳದ ಪ್ರಶ್ನೆಯನ್ನು ನಾಳೆ ಮೊಣಕಾಲುದ್ದ ನೀರಿನಲ್ಲಿ ನಿಂತು ಕೇಳಿ ಪ್ರಯೋಜನವಿಲ್ಲ.