ಶೆಟ್ಟಿಹಳ್ಳಿಯ ಗೋಡೆ ಯಾರ ಲೆಕ್ಕಕ್ಕೆ?

ಹಾಸನಕ್ಕೆ ಸುಮಾರು 20 ಕಿಲೋಮೀಟರು ದೂರದ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿ ಜಲಾಶಯದ ಅಂಚಿನಲ್ಲಿ, ಚಾವಣಿಯಿಲ್ಲದ ಒಂದು ಇಗರ್ಜಿ ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಬೇಸಿಗೆಯಲ್ಲಿ ಮತ್ತೆ ತಲೆ ಎತ್ತುತ್ತದೆ. ಪೇಟೆಯವರು ಕಾರಿನಲ್ಲಿ ಬಂದು, ಫೋಟೋ ತೆಗೆದು, "ಎಂಥ ಸೌಂದರ್ಯ!" ಎಂದು ಉದ್ಗರಿಸಿ ಹೋಗುತ್ತಾರೆ. ಆ ಗೋಡೆಯ ಸುತ್ತ ಇದ್ದ ಒಲೆಗಳು ಎಲ್ಲಿ ಹೋದವು ಎಂದು ಕೇಳುವವರಿಲ್ಲ.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಇದನ್ನು ಕಟ್ಟಿಸಿದರು. ಕೆಲವರು ಆ ಕೀರ್ತಿಯನ್ನು ಅಬೆ ದ್ಯುಬೊವಾನಿಗೆ ಕಟ್ಟುತ್ತಾರೆ. ಆತ ಇಂಡಿಯಾ ಬಿಟ್ಟದ್ದು 1823ರಲ್ಲಿ, ಸತ್ತದ್ದು 1848ರಲ್ಲಿ! ಕಟ್ಟದ ಪಾದ್ರಿಗೂ ಹೆಸರುಂಟು. ಗಾರೆ ಅರೆದು ಹೊತ್ತ ಕೂಲಿಗೆ ಮಾತ್ರ ಹೆಸರಿಲ್ಲ. ನಮ್ಮ ಚರಿತ್ರೆಯ ರೀತಿಯೇ ಇದು.

ಗೊರೂರಿನಲ್ಲಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ನೀರು ಹರಿಯಿತು. ಅಣೆಕಟ್ಟು ಬೇಡವಾಗಿತ್ತೆಂದು ನಾವು ಹೇಳುವವರಲ್ಲ. ಬರದ ಸೀಮೆಯ ರೈತನಿಗೆ ನೀರು ಬೇಕು. ನಮ್ಮ ನಲ್ಲಿಗಳಿಗೂ ಬೇಕು. ಆದರೆ ಜಮಾ ಬರೆದ ಕೈ ಖರ್ಚನ್ನೂ ಬರೆಯಬೇಕಲ್ಲವೇ? ಅಂಗಡಿ ಇಟ್ಟ ಪ್ರತಿಯೊಬ್ಬನೂ ಬಲ್ಲ: ಒಂದೇ ಪುಟ ತೋರಿಸುವ ಖಾತೆ ಸುಳ್ಳು ಖಾತೆ.

ಆಗ ಇದ್ದದ್ದು 1894ರ ಭೂಸ್ವಾಧೀನ ಕಾನೂನು, ಬಿಳಿಯರ ಕಾಲದ್ದು. ಪತ್ರ ಇದ್ದವನಿಗೆ ಪರಿಹಾರದ ಹಣ. ಪರರ ಹೊಲದಲ್ಲಿ ದುಡಿದು ಉಂಡವನಿಗೆ ಆ ಕಾನೂನಿನಲ್ಲಿ ಪುನರ್ವಸತಿಯ ಹಕ್ಕೇ ಇರಲಿಲ್ಲ. ಜೀವನೋಪಾಯ ಕಳೆದುಕೊಂಡವನೂ ಸಂತ್ರಸ್ತನೆಂದು ಕೇಂದ್ರದ ಭೂಸ್ವಾಧೀನ ಕಾನೂನು ಒಪ್ಪಿದ್ದು 2013ರಲ್ಲಿ. ಅಷ್ಟರಲ್ಲಿ ಹೇಮಾವತಿಯ ನೀರು 34 ಮಳೆಗಾಲ ಕಂಡಿತ್ತು.

"ಪರದೇಶಿ ಪಾದ್ರಿಯ ಪಾಳು ಕಟ್ಟಡಕ್ಕೆ ಸರ್ಕಾರದ ಹಣವೇಕೆ?" ಎಂದು ಕೇಳುವ ಮಹಾಶಯರಿದ್ದಾರೆ. ಅವರಿಗೆ ನಮ್ಮ ಉತ್ತರ ಸರಳ. ಇದು ಮತದ ಪ್ರಶ್ನೆಯಲ್ಲ. ನೀರು ಏರಿ ಇಳಿದಂತೆಲ್ಲ ಗಾರೆ ಕರಗುತ್ತದೆ, ಗೋಡೆ ಸಡಿಲುತ್ತದೆ. ನೀರು ನಿಲ್ಲಿಸಿದ್ದು ಸರ್ಕಾರ. ಆದ್ದರಿಂದ ಹೊಣೆಯೂ ಸರ್ಕಾರದ್ದೇ. ಪ್ರಾಚ್ಯವಸ್ತು ಇಲಾಖೆ ನೀರಾವರಿಯ ಕಡೆಗೆ, ನೀರಾವರಿ ಪ್ರವಾಸೋದ್ಯಮದ ಕಡೆಗೆ ಬೆರಳು ತೋರಿಸಲು ನಾವು ಬಿಡಬಾರದು. ನೀರಿನಡಿ ಹೋದ ಊರುಗಳ ಪರವಾಗಿ ಇನ್ನೂ ಎದ್ದು ನಿಂತು ಸಾಕ್ಷಿ ಹೇಳುತ್ತಿರುವುದು ಈ ಗೋಡೆಯೇ. ಅದು ಬಿದ್ದರೆ ಯಾರಿಗೆ ಅನುಕೂಲ? ಲೆಕ್ಕ ಕೊಡಬೇಕಾದವರಿಗೆ.

ನಮ್ಮ ಬೇಡಿಕೆ ಮೂರೇ. ನೀರು ಇಳಿದ ಬೇಸಿಗೆಯಲ್ಲಿ ಗೋಡೆ, ಕಮಾನುಗಳಿಗೆ ಆಸರೆ ಕೊಡಬೇಕು. ಮುಳುಗಿದ ಪ್ರತಿ ಹಳ್ಳಿಯ ಹೆಸರನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿಸಬೇಕು. ಯಾರಿಗೆ ಎಷ್ಟು ಭೂಮಿ, ಎಷ್ಟು ಹಣ ಸಂದಿತು, ಯಾರಿಗೆ ಏನೂ ಸಲ್ಲಲಿಲ್ಲ ಎಂಬ ಪಟ್ಟಿಯನ್ನು ಜಿಲ್ಲಾಡಳಿತ ಪ್ರಕಟಿಸಬೇಕು.

ಸಂಗಾತಿಗಳೇ, ನಾಳೆ ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಆ ಹಳ್ಳಿಗಳನ್ನು ನೆನೆಯಿರಿ. ನೆನೆದರೆ ಸಾಲದು, ಮುಂದಿನ ಬೇಸಿಗೆಗೆ ಮುಂಚೆ ನಿಮ್ಮ ಶಾಸಕನ ಬಾಗಿಲಿಗೆ ಹೋಗಿ ಈ ಮೂರು ಮಾತು ಕೇಳಿರಿ.