ಮೊಲಕ್ಕೊಂದು ಮನೆ

ನಮ್ಮ ಮನೆಯ ನಡುಕೋಣೆಯಲ್ಲಿ ಈಗ ಸೋಫಾ ಇಲ್ಲ. ಅದು ಇದ್ದ ಸ್ಥಳದಲ್ಲಿ ಒಂದು ಮೊಲವಿದೆ. ಬಂದವರು ಇದನ್ನು ಕಂಡು ಮೊದಲು ನಗುತ್ತಾರೆ. ಆಮೇಲೆ, ನಿವೃತ್ತರಾದ ಮೇಷ್ಟರಿಗೆ ಕಾಲ ಕಳೆಯಲು ಏನಾದರೊಂದು ಬೇಕಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ. ಹುಚ್ಚು ಎಂದು ಬಾಯಿಬಿಟ್ಟು ಹೇಳಲು ದಾಕ್ಷಿಣ್ಯ. ಆದರೆ ಸೋಫಾ ಹೊರಗೆ ಹೋದುದು ಹುಚ್ಚಿನಿಂದಲ್ಲ, ಲೆಕ್ಕಾಚಾರದಿಂದ. ಆ ಲೆಕ್ಕವನ್ನು ನಾನು ಕಲಿತದ್ದಾದರೋ ಒಂದು ಮೂಕಪ್ರಾಣಿಯನ್ನು ನೋಯಿಸಿದ ಮೇಲೆ. ಅದನ್ನು ಮರೆಮಾಚದೆ ಹೇಳಿಬಿಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ವರ್ಷಗಳ ಹಿಂದೆ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಬಿಳಿಯ ಮೊಲವೊಂದನ್ನು ಕೊಂಡುತಂದೆ. ಅಂಗಡಿಯವನು ಮೊಲಕ್ಕೆ ಕೇಳಿದುದು 600 ರೂಪಾಯಿ. ಅದನ್ನು ಇಡುವ ಪಂಜರಕ್ಕೆ 2,400. ಒಳಗಿರುವ ಜೀವಕ್ಕಿಂತ ಹೊರಗಿನ ತಂತಿಗೆ ನಾಲ್ಕರಷ್ಟು ಬೆಲೆ ಏಕೆಂದು ಆಗ ನನಗೆ ತೋರಲಿಲ್ಲ. ಪಂಜರ ನೋಡಲು ಅಂದವಾಗಿತ್ತು. ಗುಲಾಬಿ ಬಣ್ಣದ ಸರಳು, ಮೇಲೆ ತೆರೆಯುವ ಬಾಗಿಲು, ಕೆಳಗೆ ಎಳೆದು ತೆಗೆಯುವ ತಟ್ಟೆ. ಉದ್ದ ಎರಡು ಅಡಿ, ಅಗಲ ಒಂದೂವರೆ. ನೆಲವೂ ತಂತಿಯದೇ, ಹಿಕ್ಕೆಯೆಲ್ಲ ಕೆಳಕ್ಕೆ ಬಿದ್ದುಹೋಗಿ ಮನೆ ಶುಚಿಯಾಗಿರುತ್ತದೆ ಎಂದು ಅಂಗಡಿಯವನು ವಿವರಿಸಿದ. ಶುಚಿಯ ಮಾತು ಕೇಳಿದರೆ ನಮ್ಮ ಮನೆಯಲ್ಲಿ ಯಾರೂ ಎರಡನೆಯ ಮಾತು ಆಡುವುದಿಲ್ಲ.

ಎಂಟು ತಿಂಗಳು ಕಳೆಯುವಷ್ಟರಲ್ಲಿ ಮೊಲ ಹಿಂಗಾಲನ್ನು ಊರಲು ಹಿಂಜರಿಯತೊಡಗಿತು. ಪಶುವೈದ್ಯರು ಅದನ್ನು ಮೆಲ್ಲನೆ ಅಂಗಾತ ಮಾಡಿ ತೋರಿಸಿದರು: ಎರಡೂ ಹಿಮ್ಮಡಿಯ ಕೂದಲು ಉದುರಿ, ಚರ್ಮ ಒಡೆದು, ಹಸಿಗಾಯವಾಗಿತ್ತು. ನಾಯಿ ಬೆಕ್ಕುಗಳ ಪಾದದಲ್ಲಿರುವಂತಹ ಮೆತ್ತೆ ಮೊಲದ ಪಾದದಲ್ಲಿಲ್ಲ. ಇರುವುದು ಕೂದಲು ಮಾತ್ರ. ಮಣ್ಣಿನ ಮೇಲೆ, ಹುಲ್ಲಿನ ಮೇಲೆ ಓಡಾಡಲು ಅದು ಸಾಕು. ತಂತಿಯ ಮೇಲೆ ಹಗಲಿರುಳು ಕುಳಿತಿರುವುದಕ್ಕೆ ಸಾಲದು. “ಇದನ್ನು ಎಷ್ಟು ಜಾಗದಲ್ಲಿ ಇಟ್ಟಿದ್ದೀರಿ?” ಎಂದು ವೈದ್ಯರು ಕೇಳಿದರು. ನಾನು ಅಳತೆ ಹೇಳಿದೆ. ಅವರು ಏನೂ ಹೇಳಲಿಲ್ಲ. ಒಂದು ತಿಂಗಳು ಔಷಧ ಹಚ್ಚಿ ಬಟ್ಟೆ ಕಟ್ಟಿದೆವು. ಗಾಯ ಮೂಳೆಗೆ ಇಳಿದಿತ್ತು. ಮೊಲ ಉಳಿಯಲಿಲ್ಲ. ಹಿತ್ತಿಲ ದಾಸವಾಳದ ಬುಡದಲ್ಲಿ ಅದನ್ನು ಮಣ್ಣುಮಾಡಿ ಕೈತೊಳೆಯುತ್ತಿದ್ದಾಗ ಮೊಮ್ಮಗಳು ಕೇಳಿದಳು: “ತಾತ, ಅದು ಒಂದು ಸಲವೂ ಓಡಲೇ ಇಲ್ಲ, ಅಲ್ಲವಾ?”

ಮೂವತ್ತು ವರ್ಷ ತರಗತಿಗಳಲ್ಲಿ ಪ್ರಶ್ನೆ ಕೇಳಿದವನು ನಾನು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮ ಕಲ್ಪನೆಯಲ್ಲಿ ಮೊಲಕ್ಕೆ ಕೊಟ್ಟಿರುವ ಜಾಗ ಸಣ್ಣದೇನಲ್ಲ. ಚಂದ್ರಬಿಂಬದಲ್ಲೇ ಅದನ್ನು ಕೂರಿಸಿ ಚಂದ್ರನಿಗೆ ಶಶಾಂಕನೆಂದು ಹೆಸರಿಟ್ಟೆವು. ಸಿಂಹವನ್ನು ಬಾವಿಗೆ ಕೆಡವಿದ ಮೊಲದ ಕಥೆಯನ್ನು ಪಂಚತಂತ್ರದಿಂದ ಎತ್ತಿ ಮಕ್ಕಳಿಗೆ ಹೇಳುತ್ತ ಬಂದೆವು. ಬೇಟೆನಾಯಿಗಳನ್ನು ಮೊಲವೊಂದು ತಿರುಗಿ ಅಟ್ಟಿದ ಗಂಡುನೆಲವೆಂದು ತುಂಗಭದ್ರೆಯ ತೀರದಲ್ಲಿ ವಿಜಯನಗರಕ್ಕೆ ಅಡಿಪಾಯ ಹಾಕಿದರೆಂಬ ಐತಿಹ್ಯ ಯಾರಿಗೆ ಗೊತ್ತಿಲ್ಲ? ಒಂದು ಮೊಲದ ಓಟಕ್ಕೆ ಒಂದು ರಾಜಧಾನಿಯನ್ನೇ ಕಟ್ಟಿದವರು ನಾವು. ಈಗ ಅದಕ್ಕೆ ಮೂರು ಚದರ ಅಡಿ ಅಳೆದು ಕೊಡುತ್ತೇವೆ.

ಇಲ್ಲಿ ಒಂದು ಭೇದವನ್ನು ಹೇಳಬೇಕು. ಕಥೆಯ ಮೊಲ ಬೇರೆ, ಅಂಗಡಿಯ ಮೊಲ ಬೇರೆ; ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಾದುದರಿಂದ ನಾವು ಮೋಸಹೋಗುತ್ತೇವೆ. ನಮ್ಮ ಹೊಲಗದ್ದೆಗಳ ಕಂದುಮೊಲ ಬಿಲ ತೋಡುವುದಿಲ್ಲ. ಅದರ ಮರಿ ಕಣ್ಣು ತೆರೆದುಕೊಂಡೇ, ಮೈತುಂಬ ಕೂದಲು ಹೊತ್ತೇ ಹುಟ್ಟುತ್ತದೆ. ಅದು ಕಾಡುಪ್ರಾಣಿ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವಂತಹುದು, ಹಿಡಿದು ಸಾಕುವಂತಿಲ್ಲ. ಅಂಗಡಿಯಲ್ಲಿ ಮಾರುವ ಮೊಲ ಸ್ಪೇನ್, ಪೋರ್ತುಗಲ್ ದೇಶಗಳಿರುವ ಐಬೀರಿಯ ಪ್ರಾಂತದ ಕಾಡುಮೊಲದ ಸಂತತಿ. ಅದು ನೆಲದೊಳಗೆ ಬಿಲಗಳ ಬೀದಿಯನ್ನೇ ತೋಡಿ ಗುಂಪಾಗಿ ಬಾಳುವ ಜೀವಿ. ಅದರ ಮರಿ ಹುಟ್ಟುವಾಗ ಕುರುಡು, ಬತ್ತಲೆ. ಬಿಲದ ಬೆಚ್ಚನೆಯೂ ಬಯಲಿನ ಓಟವೂ ಎರಡೂ ಅದಕ್ಕೆ ಬೇಕು. ಪಂಜರದಲ್ಲಿ ಎರಡೂ ಇಲ್ಲ.

ಜಾಗವೆಂಬುದು ಮೊಲಕ್ಕೆ ಭೋಗವಲ್ಲ. ಹುಲ್ಲಿನಂತೆ ಅದೂ ಒಂದು ಆಹಾರ ಎಂದರೆ ತಪ್ಪಾಗದು. ಅದರ ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರಿನಂತೆ ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ. ಹುಲ್ಲನ್ನು ಸದಾ ಮೆಲುಕಾಡಿಸಿಯೇ ಅದನ್ನು ಸವೆಸಬೇಕು. ಕರುಳು ಎಡೆಬಿಡದೆ ಚಲಿಸುತ್ತಿರಬೇಕು. ನಾರು ಕಡಿಮೆಯಾಗಿ ಮೈಯೂ ಕದಲದೆ ಹೋದರೆ ಕರುಳು ನಿಧಾನಿಸುತ್ತದೆ. ಮೊಲ ಅರ್ಧ ದಿನ ಬಾಯಿ ಕಟ್ಟಿತೆಂದರೆ ವೈದ್ಯರ ಬಳಿಗೆ ಓಡಬೇಕು. ಎರಡು ಮೊಲಗಳಿಗೆ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಆವರಣ ಹಗಲೂ ಇರುಳೂ ಇರಬೇಕೆಂದು ಬ್ರಿಟನ್ನಿನ ಮೊಲಹಿತರಕ್ಷಕ ಸಂಸ್ಥೆ ಹೇಳುತ್ತದೆ. ನಮ್ಮ ಅಳತೆಯಲ್ಲಿ ಸುಮಾರು 10 ಅಡಿಗೆ ಆರೂವರೆ ಅಡಿ. ಇದು ಶ್ರೀಮಂತ ದೇಶದವರ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ಪ್ರಾಣಿಗೆ ಓಡಾಡಲು ತಕ್ಕಷ್ಟು ಉದ್ದ, ಅಗಲ, ಎತ್ತರವಿಲ್ಲದ ಪಂಜರದಲ್ಲಿ ಅದನ್ನು ಕೂಡಿಹಾಕುವುದು ಕ್ರೌರ್ಯವೆಂದು ನಮ್ಮ ದೇಶದ 1960ರ ಕಾಯ್ದೆಯೇ ಬರೆದಿಟ್ಟಿದೆ. ನೃತ್ಯಕ್ಕಾಗಿ ನಾವು ನೆನೆಯುವ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಹಟಹಿಡಿದು ವಾದಿಸಿದುದರ ಫಲ ಅದು. ಆ ಕಾಯ್ದೆ ಬಂದಾಗ ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡ ಹೆಚ್ಚೆಂದರೆ 50 ರೂಪಾಯಿ. ನನ್ನ ಪಂಜರದ ಬೆಲೆಯ ಮುಂದೆ ಅದೇನು ಮಹಾ!

ಎರಡನೆಯ ಮೊಲವನ್ನು ನಾನು ಕೊಳ್ಳಲಿಲ್ಲ. ವಿದ್ಯಾರ್ಥಿನಿಲಯದ ಹುಡುಗನೊಬ್ಬ ಯಾರೋ ಕೊಟ್ಟ ಉಡುಗೊರೆಯನ್ನು ಸಾಕಲಾರದೆ ಹಣ್ಣಿನ ಬುಟ್ಟಿಯಲ್ಲಿಟ್ಟು ತಂದು, “ಸಾರ್, ನಿಮಗೆ ಅಭ್ಯಾಸವಿದೆಯಂತೆ” ಎಂದ. ಆ ಮಾತು ಚುಚ್ಚಿತು. ಬೂದುಬಣ್ಣದ ಮೊಲ, ಮೊಮ್ಮಗಳು ಬೂದಿ ಎಂದು ಕರೆದಳು. ನನ್ನಾಕೆ ಸಂಜೆಯ ಹೊತ್ತು ಅದೆಂತಹ ಹೆಸರೆಂದು ಗದರಿ, ವಿಭೂತಿ ಎಂದು ತಿದ್ದಿದಳು.

ಆ ರಾತ್ರಿ ನನಗೆ ಕವಿ ವಿಲಿಯಂ ಕೂಪರ್ ನೆನಪಾದ. ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಅವನ ಕವಿತೆಗಳನ್ನು ಬಲ್ಲರು. ಅವನ ಬಡಗಿತನವನ್ನು ಬಲ್ಲವರು ಕಡಿಮೆ. 1774ರಲ್ಲಿ ಮನಸ್ಸು ಕದಡಿ ಓದು ಬರಹ ಒಂದೂ ಹಿಡಿಸದೆ ಆಲ್ನೀ ಎಂಬ ಊರಿನಲ್ಲಿ ಕುಳಿತಿದ್ದಾಗ ಅವನು ಮೂರು ಮೊಲದ ಮರಿಗಳನ್ನು ಸಾಕಿಕೊಂಡ. ಅವು ಕಾಡಿನ ಜಾತಿಯವು. ಆ ದಿನಗಳಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ಹತ್ತು ವರ್ಷಗಳ ತರುವಾಯ, 1784ರಲ್ಲಿ, ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಗೆ ಅವುಗಳ ವೃತ್ತಾಂತವನ್ನು ಬರೆದು ಕಳುಹಿಸಿದ. ಮೂರಕ್ಕೂ ಮಲಗಲು ಬೇರೆ ಬೇರೆ ಗೂಡುಗಳನ್ನು ತಾನೇ ಕಟ್ಟಿದನಂತೆ. ಹಿಕ್ಕೆ ಬೀಳಲು ಅಡಿಯಲ್ಲಿ ಮಣ್ಣಿನ ತಟ್ಟೆ, ಅದನ್ನು ತಪ್ಪದೆ ತೊಳೆಯುವ ಕ್ರಮ. ಆದರೆ ಗೂಡು ರಾತ್ರಿಗೆ ಮಾತ್ರ. ಹಗಲೆಲ್ಲ ಅವಕ್ಕೆ ಮನೆಯ ಹಜಾರ. ಸಂಜೆ ಕೂಡುಕೋಣೆಯ ರತ್ನಗಂಬಳಿಯ ಮೇಲೆ ಕುಣಿದಾಟ. ಅವುಗಳಲ್ಲಿ ಒಂದು ಒಂಬತ್ತು ವರ್ಷದ ಹತ್ತಿರಕ್ಕೆ ಬದುಕಿತು. ಇನ್ನೊಂದು ಹನ್ನೆರಡನ್ನು ಮುಟ್ಟಲು ಒಂದು ತಿಂಗಳಿದೆ ಎನ್ನುವವರೆಗೆ. ಹಣವಂತನಲ್ಲದ, ಮನೋವ್ಯಥೆಯಿಂದ ಬಳಲುತ್ತಿದ್ದ ಒಬ್ಬ ಕವಿ ಹಲಗೆ ಮೊಳೆ ಹಿಡಿದು ಮಾಡಿದುದನ್ನು, ಪಿಂಚಣಿ ಬರುವ ನಾನು ಮಾಡಲಾರೆನೆ?

ಅಳತೆಯ ಟೇಪು ಹಿಡಿದು ಮನೆಯೆಲ್ಲ ಸುತ್ತಿದೆ. ಎಲ್ಲಿಯೂ ಜಾಗವಿಲ್ಲವೆಂದು ಮೊದಲು ತೋರಿತು. ಇದ್ದ ಜಾಗವನ್ನೆಲ್ಲ ಸಾಮಾನು ಆಕ್ರಮಿಸಿದೆ ಎಂದು ಆಮೇಲೆ ತೋರಿತು. ಸೋಫಾ ಮತ್ತು ಅದರ ಮುಂದಿನ ಗಾಜಿನ ಮೇಜು ಕೂಡಿ ಹಿಡಿದಿದ್ದುದು ಒಂಬತ್ತು ಅಡಿಗೆ ಆರು ಅಡಿ. ಅದರ ಮೇಲೆ ಕುಳಿತುಕೊಳ್ಳುವವರು ತಿಂಗಳಿಗೊಮ್ಮೆ ಬರುವ ನೆಂಟರು; ಮಿಕ್ಕ ದಿನ ಇಸ್ತ್ರಿಗೆ ಕೊಡಬೇಕಾದ ಬಟ್ಟೆ. ಹಳೆಯ ಸಾಮಾನಿನವನಿಗೆ ಎರಡನ್ನೂ 1,500 ರೂಪಾಯಿಗೆ ಕೊಟ್ಟೆ. ನನ್ನಾಕೆ ಎರಡು ದಿನ ಮಾತು ಬಿಟ್ಟಳು ಎಂಬುದನ್ನು ವೆಚ್ಚದ ಪಟ್ಟಿಯಲ್ಲಿ ಸೇರಿಸಬೇಕೋ ಹೇಗೋ ತಿಳಿಯದು.

ಮೂಲೆಯನ್ನು ಆರಿಸಿಕೊಂಡರೆ ಮನೆಯ ಗೋಡೆಗಳೇ ಎರಡು ಕಡೆ ಕಾವಲಾಗುತ್ತವೆ. ಬೇಲಿ ಬೇಕಾಗುವುದು ಉಳಿದೆರಡು ಕಡೆಗೆ. ಒಂಬತ್ತು ಮತ್ತು ಆರು, ಹದಿನೈದು ಅಡಿ. ಮೂರಡಿ ಎತ್ತರದ, ಒಂದಂಗುಲ ಕಣ್ಣಿನ ಕಬ್ಬಿಣದ ಜಾಲರಿ ಅಡಿಗೆ 45 ರೂಪಾಯಿಯಂತೆ 675 ಆಯಿತು. ಚೌಕಟ್ಟಿಗೆ ಹಳೆಯ ಕಿಟಕಿಯ ಪಟ್ಟಿಗಳು ಅಟ್ಟದ ಮೇಲಿದ್ದುವು. ಮೊಳೆ, ತಿರುಗಣೆ, ಅಗುಳಿಗೆ 110. ಬಾಗಿಲನ್ನು ನೆಲದ ಮಟ್ಟದಲ್ಲಿಯೇ ಇಟ್ಟೆ. ಮೇಲಿನಿಂದ ಇಳಿಯುವ ಕೈ ಮೊಲದ ಕಣ್ಣಿಗೆ ಹದ್ದಿನಂತೆ ಕಾಣುತ್ತದೆ. ಹೆದರಿ ಒದ್ದಾಡಿದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಲ್ಲದು. ನೆಲದ ಬಾಗಿಲಾದರೆ ಬರುವುದು ಬಿಡುವುದು ಅದರ ಇಷ್ಟ.

ನುಣುಪಾದ ನೆಲದಲ್ಲಿ ಮೊಲದ ಕಾಲು ಜಾರುತ್ತದೆ. ಹಳೆಯ ಹತ್ತಿಯ ಜಮಖಾನವೊಂದು ಅಲ್ಲಿಗೆ ಹೋಯಿತು. ಅದು ನೂಲನ್ನು ಎಳೆದು ನುಂಗುತ್ತದೆಯೇ ಎಂದು ಮೊದಲ ವಾರ ಕಣ್ಣಿಟ್ಟಿರಬೇಕು. ಬಿಲದ ಬದಲಿಗೆ ದಿನಸಿ ಅಂಗಡಿಯ ರಟ್ಟಿನ ಪೆಟ್ಟಿಗೆ. ಎರಡು ಕಡೆ ಬಾಗಿಲು ಕತ್ತರಿಸಿದ್ದೇನೆ, ಏಕೆಂದರೆ ಒಂದೇ ಬಾಗಿಲಿನ ಬಿಲದಲ್ಲಿ ಯಾವ ಮೊಲವೂ ನೆಮ್ಮದಿಯಾಗಿರದು. ತಿಂಗಳಿಗೊಮ್ಮೆ ಅದು ತನ್ನ ಮನೆಯನ್ನು ತಾನೇ ತಿಂದು ಮುಗಿಸುತ್ತದೆ. ಅಂಗಡಿಯವರು ಇನ್ನೊಂದನ್ನು ಧರ್ಮಕ್ಕೆ ಕೊಡುತ್ತಾರೆ. ಶೌಚಕ್ಕೆ 80 ರೂಪಾಯಿಯ ಅಗಲವಾದ ಬೇಸಿನ್, ತಳದಲ್ಲಿ ಹಳೆಯ ಪತ್ರಿಕೆ, ಒಂದು ತುದಿಯಲ್ಲಿ ಒಣಗಿದ ಗರಿಕೆ. ಹುಲ್ಲು ಮೇಯುತ್ತಲೇ ಹಿಕ್ಕೆ ಹಾಕುವುದು ಮೊಲದ ಸ್ವಭಾವ. ಅದನ್ನು ಅರಿತರೆ ತಂತಿಯ ನೆಲದ ಅಗತ್ಯವೇ ಇಲ್ಲ. ನೀರಿಗೆ ಮಗುಚದಂತಹ ದಪ್ಪ ಮಣ್ಣಿನ ಬಟ್ಟಲು, 40. ವಿದ್ಯುತ್ ತಂತಿಗಳನ್ನು ಮುಚ್ಚಲು ಪ್ಲಾಸ್ಟಿಕ್ ಕೊಳವೆ, 90. ಮೊಲಕ್ಕೆ ಬೆವರಿ ತಣ್ಣಗಾಗುವ ಶಕ್ತಿಯಿಲ್ಲ. ಮೈಯ ಬಿಸಿ ಹೊರಹೋಗುವುದು ಹೆಚ್ಚಾಗಿ ಕಿವಿಗಳಿಂದ. ಬೇಸಗೆಗೆಂದು ಎರಡು ಮಂಗಳೂರು ಹೆಂಚುಗಳನ್ನು ನೀರಿನಲ್ಲಿ ನೆನೆಸಿ ಇಡುತ್ತೇನೆ. ವಿಭೂತಿ ಹೊಟ್ಟೆ ಊರಿಕೊಂಡು ಅವುಗಳ ಮೇಲೆ ಮಲಗುತ್ತದೆ. ಒಟ್ಟು 995 ರೂಪಾಯಿ. ಸೋಫಾದ ಹಣದಲ್ಲಿ 505 ಉಳಿಯಿತು. ಅದು ವೈದ್ಯರಿಗೆ ಹೋಯಿತು.

ತಪ್ಪುಗಳೂ ಆದುವು. ಕೆಳಗಿನ ಕಪಾಟಿನಲ್ಲಿದ್ದ ಕಿಟೆಲರ ನಿಘಂಟಿನ ಬೆನ್ನು ಈಗ ಇಲ್ಲ. ಜೊತೆಯಿಲ್ಲದ ಮೊಲ ಅರ್ಧ ಮೊಲ ಎಂದು ವೈದ್ಯರು ಆಗಾಗ ನೆನಪಿಸುತ್ತಾರೆ. ಶಸ್ತ್ರಚಿಕಿತ್ಸೆ ಮಾಡಿಸದೆ ಜೊತೆ ತಂದರೆ ಒಂದೇ ತಿಂಗಳಿಗೆ ಮರಿಗಳ ಹಿಂಡು. ಆ ಕೆಲಸ ಇನ್ನೂ ಬಾಕಿಯಿದೆ.

ನನ್ನ ಹಳೆಯ ಸಹೋದ್ಯೋಗಿಗಳೊಬ್ಬರು, ಗಣಿತದವರು, ಇದನ್ನೆಲ್ಲ ಕೇಳಿ ಕನಲಿದರು. “ಏನು ಮೇಷ್ಟ್ರೇ, ಮನುಷ್ಯರಿಗೇ ಸೂರಿಲ್ಲದ ಕಾಲದಲ್ಲಿ ಮೊಲಕ್ಕೆ 54 ಚದರ ಅಡಿಯೇ?” ಹಗುರವಾದ ಆಕ್ಷೇಪವಲ್ಲ ಇದು. ಒಂದೇ ಕೋಣೆಯಲ್ಲಿ ಐವರು ಬಾಳುವ ಮನೆಗೆ ಹೋಗಿ ಮೊಲಕ್ಕೆ ಜಾಗ ಬಿಡಿ ಎನ್ನುವಷ್ಟು ನಿರ್ದಯಿ ನಾನಲ್ಲ. ಅಂತಹ ಮನೆಯವರು ಮೊಲವನ್ನು ತರಬಾರದು, ಅಷ್ಟೆ; ಅದರಲ್ಲಿ ಕೀಳರಿಮೆಯೇನೂ ಇಲ್ಲ. ಆದರೆ ಗುಲಾಬಿ ಬಣ್ಣದ ಪಂಜರಗಳನ್ನು ನಾನು ಕಂಡಿರುವುದು ಬಡವರ ಮನೆಗಳಲ್ಲಿ ಅಲ್ಲ. ಮೂರು ಮಲಗುವ ಕೋಣೆಗಳ ಮನೆಯಲ್ಲಿ, ಬಿಸಿಲು ಬೀಳುವ ಬಾಲ್ಕನಿಯ ತುದಿಯಲ್ಲಿ, ಕುಂಡಗಳ ನಡುವೆ ಒಂದು ಕುಂಡದಂತೆ ಅವು ಇರುತ್ತವೆ. ಹಣದ ಕೊರತೆ ಎಂಬುದು ನೆಪ. ಪಂಜರಕ್ಕೆ 2,400 ಕೊಡಬಲ್ಲವರಿಗೆ ಇಲ್ಲದುದು ಹಣವಲ್ಲ. ಒಂದು ಮೂಲೆಯನ್ನು ತಮ್ಮದಲ್ಲವೆಂದು ಬಿಟ್ಟುಕೊಡುವ ಮನಸ್ಸು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟಮಾರಿಗಳನ್ನು ಹಾಸ್ಯಮಾಡುತ್ತೇವೆ. ನಾನು ಹಿಡಿದ ಮೊಲಕ್ಕೆ ಕೊನೆಗೆ ಊರಲು ಉಳಿದದ್ದು ಎರಡೇ ಕಾಲು.

ಕೆಲವು ಶಾಲೆಗಳಲ್ಲಿ ಮಕ್ಕಳ ಸಂತೋಷಕ್ಕೆಂದು ಪಂಜರದಲ್ಲಿ ಮೊಲವನ್ನಿಡುವ ರೂಢಿಯಿದೆ. ಉಪಾಧ್ಯಾಯ ಮಿತ್ರರು ಒಂದು ಕೆಲಸ ಮಾಡಬಹುದು: ಬಾಗಿಲು ಹಾಕಿದ ಕೊಠಡಿಯಲ್ಲಿ ಮೊಲವನ್ನು ಒಂದು ಗಂಟೆ ಬಿಟ್ಟು, ಅದು ಮೂರು ಸಲ ನೆಗೆದ ದೂರವನ್ನು ಮಕ್ಕಳಿಂದಲೇ ಸೀಮೆಸುಣ್ಣದಲ್ಲಿ ಗುರುತುಹಾಕಿಸಲಿ. ಅನಂತರ ಪಂಜರವನ್ನು ತಂದು ಆ ಗೆರೆಯ ಪಕ್ಕದಲ್ಲಿ ಇಡಲಿ. ಬೇರೆ ಪಾಠ ಹೇಳಬೇಕಾಗಿಲ್ಲ.

ವಿಭೂತಿ ಮೊದಲ ವಾರವೆಲ್ಲ ರಟ್ಟಿನ ಪೆಟ್ಟಿಗೆಯಿಂದ ಹೊರಗೆ ಮೂಗು ಮಾತ್ರ ಚಾಚುತ್ತಿತ್ತು. ಒಂಬತ್ತನೆಯ ದಿನ ಸಂಜೆ, ನಾನು ಪತ್ರಿಕೆ ಓದುತ್ತಿದ್ದಾಗ, ಅದು ಗೋಡೆಯಿಂದ ಜಾಲರಿಯವರೆಗೆ ಓಡಿತು, ತಿರುಗಿ ಓಡಿತು, ನಡುವೆ ನೆಲದಿಂದ ಚಿಮ್ಮಿ, ಗಾಳಿಯಲ್ಲಿ ಮೈಯನ್ನು ಒಮ್ಮೆ ತಿರುಚಿ, ಹಿಂಗಾಲು ಝಾಡಿಸಿ ಇಳಿಯಿತು. ಮೊಲಗಳು ಸಂತೋಷಕ್ಕೆ ಹಾಗೆ ಮಾಡುತ್ತವೆ ಎಂದು ಓದಿದ್ದೆ. ನೋಡಿರಲಿಲ್ಲ. ಮೊಮ್ಮಗಳನ್ನು ಕೂಗಿದೆ. ಅವಳು ಬಾಗಿಲಲ್ಲಿ ನಿಂತು ನೋಡಿದಳು, ಏನೂ ಕೇಳಲಿಲ್ಲ.

ಗಣಿತದ ಮಿತ್ರರು ಮೊನ್ನೆ ಮತ್ತೆ ಬಂದಿದ್ದರು. ಕೂರಲು ಸೋಫಾ ಇಲ್ಲದೆ, ಮೊಣಕಾಲನ್ನು ಶಪಿಸುತ್ತ ಚಾಪೆಯ ಮೇಲೆ ಕುಳಿತರು. ನೆಲದ ಬಾಗಿಲು ತೆರೆದಿತ್ತು. ಮಾತಿನ ಮಧ್ಯೆ ವಿಭೂತಿ ಹೊರಗೆ ಬಂದು ಅವರನ್ನು ಎರಡು ಸುತ್ತು ಹಾಕಿ, ಪಂಚೆಯ ಅಂಚನ್ನು ಮೂಸಿ, ಅಂಗೈಯಗಲ ಕತ್ತರಿಸಿತು. ಅವರು ತುಂಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, “ಆ ಜಾಲರಿ ಅಡಿಗೆ 45 ಅಂದಿರಾ?” ಎಂದು ಕೇಳಿದರು.