ತೆರಿಗೆಗೆ ಹಿಂದೂ, ಮಗಳಿಗೆ ಜೈನ

ಆದಾಯ ತೆರಿಗೆಯ ವಿವರ ಸಲ್ಲಿಸುವ ತಿಂಗಳುಗಳಲ್ಲಿ ನಮ್ಮ ಸಮಾಜದ ಅನೇಕ ಮನೆತನಗಳ ಕಡತಗಳು ನನ್ನ ಮೇಜಿಗೆ ಬರುತ್ತವೆ. ಊರಿನಲ್ಲಿ ಹೊಲ, ಪುಣೆಯಲ್ಲಿ ಫ್ಲ್ಯಾಟ್, ಮುಂಬಯಿಯಲ್ಲಿ ಅಂಗಡಿ. ಇವುಗಳ ನಡುವೆ ‘ಹಿಂದೂ ಅವಿಭಕ್ತ ಕುಟುಂಬ’ದ ಹೆಸರಿನಲ್ಲಿ ಒಂದು ಪ್ರತ್ಯೇಕ ಪ್ಯಾನ್ ಕಾರ್ಡ್. ತೆರಿಗೆ ಇಲಾಖೆಯು ಜೈನ ಕುಟುಂಬಗಳಿಗೂ ಈ ಸ್ಥಾನವನ್ನು ಒಪ್ಪಿಕೊಂಡಿದೆ. ಅದರಿಂದ ದೊರೆಯುವ ವಿನಾಯಿತಿಯನ್ನು ನಾವು ಸಂಕೋಚವಿಲ್ಲದೆ ಪಡೆಯುತ್ತಿದ್ದೇವೆ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಅದೇ ಕುಟುಂಬದ ಕರ್ತರು, ತಂದೆ ತೀರಿಕೊಂಡ ಮೇಲೆ ಊರಿನ ಜಮೀನಿನ ಮಾತು ಬಂದಾಗ ಹೇಳುವುದೇ ಬೇರೆ. “ನಾವು ಜೈನರು, ಅಲ್ಪಸಂಖ್ಯಾತರು. ಹಿಂದೂ ವಾರಸಾ ಕಾಯ್ದೆ ನಮಗೆ ಲಾಗೂ ಆಗುವುದಿಲ್ಲ. ತಂಗಿಯರ ಹೆಸರು ಏಕೆ ಬೇಕು ಸಾಹೇಬರೇ?” ತೆರಿಗೆ ಉಳಿಸುವಾಗ ಹಿಂದೂ, ಮಗಳಿಗೆ ಪಾಲು ಕೊಡುವಾಗ ಜೈನ! ಈ ಎರಡು ನಾಲಿಗೆಯ ಹಿಂದೆ ಮೂರು ಮಿಥ್ಯೆಗಳು ನಿಂತಿವೆ. ಅವುಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು, ಅಲ್ಪಸಂಖ್ಯಾತರಾದ ಕೂಡಲೇ ನಮ್ಮ ವೈಯಕ್ತಿಕ ಕಾನೂನು ಬದಲಾಯಿತು ಎಂಬ ನಂಬಿಕೆ. 2014ರ ಜನವರಿ 27ರಂದು ಕೇಂದ್ರ ಸರ್ಕಾರವು ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿದ್ದು 1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗ ಕಾಯ್ದೆಯ ಅಡಿಯಲ್ಲಿ. ವಿದ್ಯಾರ್ಥಿವೇತನ, ಸಾಲ ಯೋಜನೆಗಳು ಮೊದಲಾದ ಕಲ್ಯಾಣ ಕಾರ್ಯಗಳಿಗೆ ಅದು ಆಧಾರ. ಮದುವೆ, ದತ್ತು, ಉತ್ತರಾಧಿಕಾರಗಳನ್ನು ಅದು ಮುಟ್ಟುವುದೇ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೆಯ ಕಲಮನ್ನು ಓದಿದರೆ ಸಾಕು: ಹಿಂದೂ ಧರ್ಮೀಯರಿಗೆ ಒಂದು ಖಂಡ, ಬೌದ್ಧ, ಜೈನ, ಸಿಖ್ ಧರ್ಮೀಯರಿಗೆ ಇನ್ನೊಂದು ಖಂಡ, ಕಾಯ್ದೆ ಇಬ್ಬರಿಗೂ ಅನ್ವಯ. ಎಂದರೆ ಈ ಕಾನೂನು ನಮ್ಮನ್ನು ಜೈನರೆಂದು ಬೇರೆಯಾಗಿ ಹೆಸರಿಸಿಯೇ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಇದಕ್ಕೆ ಒಳಪಟ್ಟರೆ ಧರ್ಮದ ಸ್ವತಂತ್ರ ಅಸ್ತಿತ್ವಕ್ಕೆ ಕುಂದು ಎನ್ನುವವರು ಕಾಯ್ದೆಯ ಮೊದಲ ಪುಟವನ್ನೂ ತೆರೆದಿಲ್ಲ. 2025ರಲ್ಲಿ ಇಂದೋರಿನ ಕುಟುಂಬ ನ್ಯಾಯಾಲಯವೊಂದು ಇದೇ ಅಲ್ಪಸಂಖ್ಯಾತ ವಾದವನ್ನು ಮುಂದಿಟ್ಟು, ಹಿಂದೂ ವಿವಾಹ ಕಾಯ್ದೆಯಡಿ ಬಂದ ಜೈನ ದಂಪತಿಗಳ ಅರ್ಜಿಯನ್ನು ತಿರಸ್ಕರಿಸಿತು. ಮಧ್ಯಪ್ರದೇಶ ಉಚ್ಚ ನ್ಯಾಯಾಲಯವು ಅದೇ ವರ್ಷ ಆ ಆದೇಶವನ್ನು ರದ್ದುಗೊಳಿಸಿತು. ಅಲ್ಲಿಗೆ ಆ ವಾದ ಮುಗಿಯಬೇಕಿತ್ತು. ನಮ್ಮ ಸಭೆಗಳಲ್ಲಿ ಇನ್ನೂ ಮುಗಿದಿಲ್ಲ.

ಎರಡನೆಯದು, ಅಡ್ಡಹೆಸರಿನ ಮಿಥ್ಯೆ. ಮದುವೆಯಾದ ಮಗಳು ಗಂಡನ ಮನೆತನದ ಹೆಸರು ಬರೆದುಕೊಂಡಳು, ಆದ್ದರಿಂದ ತವರಿನ ಹಕ್ಕು ಕಳೆದುಕೊಂಡಳು ಎಂಬುದು. ಮೊದಲಿಗೆ, ಮದುವೆಯ ನಂತರ ಹೆಸರು ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಪ್ಯಾನ್ ಕಾರ್ಡಿನಲ್ಲಿ ವಿವಾಹಿತೆಗೂ ತಂದೆಯ ಅಥವಾ ತಾಯಿಯ ಹೆಸರೇ ಇರುತ್ತದೆ. ಗಂಡನ ಹೆಸರಿಗೆ ಅಲ್ಲಿ ಸ್ಥಳವೇ ಇಲ್ಲ. ಇನ್ನು ಹೆಸರು ಬದಲಿಸಿಕೊಂಡರೂ ಹಕ್ಕು ಬದಲಾಗದು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಮಗಳು ಮಗನಂತೆಯೇ ಹುಟ್ಟಿನಿಂದ ಸಹದಾಯಾದಿ. ಆ ದಿನ ತಂದೆ ಬದುಕಿರಲೇಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಮುಗಿದ ವಿಭಾಗಗಳನ್ನು ಕಾನೂನು ಕೆದಕುವುದಿಲ್ಲ. ಸ್ವಯಾರ್ಜಿತ ಆಸ್ತಿಯನ್ನು ತಂದೆ ಉಯಿಲಿನ ಮೂಲಕ ಯಾರಿಗೆ ಬೇಕಾದರೂ ಕೊಡಬಹುದು. ಇವು ನಿಜವಾದ ಮಿತಿಗಳು. ಮದುವೆಯಾಗಲಿ ಅಡ್ಡಹೆಸರಾಗಲಿ ಆ ಮಿತಿಗಳ ಪಟ್ಟಿಯಲ್ಲಿಲ್ಲ.

ಮೂರನೆಯದು, ಕಾಗದದ ಮಿಥ್ಯೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು, ಪೌತಿ ಖಾತೆ ಮಾಡಿಸಿ, ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಬಂದರೆ ಜಮೀನು ಅವರದೇ ಆಯಿತು ಎಂಬ ಭ್ರಮೆ. ಖಾತೆ ಬದಲಾವಣೆಯು ಕಂದಾಯ ವಸೂಲಿಗಾಗಿ ಮಾಡುವ ದಾಖಲೆ. ಅದು ಮಾಲೀಕತ್ವವನ್ನು ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಮತ್ತೆಮತ್ತೆ ಹೇಳಿದೆ. ಹಬ್ಬಕ್ಕೆ ಬಂದ ತಂಗಿಯಿಂದ ಸ್ಟಾಂಪ್ ಪೇಪರಿನ ಮೇಲೆ ಸಹಿ ಮಾಡಿಸಿ ನೋಟರಿಯ ಮುದ್ರೆ ಒತ್ತಿಸಿದ ಹಕ್ಕು ಬಿಡುಗಡೆ ಪತ್ರದ ಬೆಲೆಯೂ ಇಷ್ಟೇ. ಸ್ಥಿರಾಸ್ತಿಯ ಹಕ್ಕು ಬಿಡುಗಡೆಗೆ 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಕಡ್ಡಾಯ. ಇಂಥ ಕಾಗದಗಳನ್ನು ನಂಬಿದ ಮನೆಗಳ ಪಾಡು ಆಸ್ತಿ ಮಾರುವಾಗ ಹೊರಬೀಳುತ್ತದೆ. ಕೊಳ್ಳುವವನ ವಕೀಲರು ಮೊದಲು ಕೇಳುವುದೇ “ಹೆಣ್ಣುಮಕ್ಕಳ ಸಹಿ ಎಲ್ಲಿ?” ಎಂದು. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ಅಕ್ಕನ ಮನೆ ಬಾಗಿಲಿಗೆ ಆಗ ಅಣ್ಣತಮ್ಮಂದಿರು ಓಡುತ್ತಾರೆ.

“ಮದುವೆಗೆ ಖರ್ಚು ಮಾಡಿದೆವು, ಚಿನ್ನ ಹಾಕಿದೆವು, ಅದೇ ಅವಳ ಪಾಲು” ಎಂಬ ಮಾತನ್ನು ನಾನು ಬಲ್ಲೆ. ಮಗನ ಮದುವೆಯ ಛತ್ರಕ್ಕೂ ಎಂಜಿನಿಯರಿಂಗ್ ಸೀಟಿಗೂ ಕೊಟ್ಟದ್ದನ್ನು ಅವನ ಪಾಲಿನಿಂದ ಯಾರು ಕಳೆದಿದ್ದಾರೆ? “ಹೆಣ್ಣಿಗೆ ಆಸ್ತಿ ನಮ್ಮ ಸಂಪ್ರದಾಯವಲ್ಲ” ಎನ್ನುವವರು ತುಳುನಾಡಿನತ್ತ ನೋಡಲಿ. ಅಲ್ಲಿನ ಜೈನ ಅರಸು ಮನೆತನಗಳು ಅಳಿಯಸಂತಾನ ಪದ್ಧತಿಯಲ್ಲಿ ತಾಯಿಯ ಕಡೆಯಿಂದಲೇ ವಂಶವನ್ನೂ ಆಸ್ತಿಯನ್ನೂ ಎಣಿಸುತ್ತಿದ್ದವು. ಸಂಪ್ರದಾಯವೆಂದರೆ ನಮಗೆ ಅನುಕೂಲವಾದ ಅರ್ಧ ಮಾತ್ರವಲ್ಲ.

ನಮ್ಮ ಪ್ರತ್ಯೇಕತೆಯನ್ನು ಸಾರಬೇಕಾದ ಸ್ಥಳ ಬೇರೆಯೇ ಇದೆ. 2011ರ ಜನಗಣತಿಯಲ್ಲಿ ದೇಶದ ಜೈನರು ಸುಮಾರು 44.5 ಲಕ್ಷ, ಅವರಲ್ಲಿ ಮಹಾರಾಷ್ಟ್ರದಲ್ಲಿ 14 ಲಕ್ಷ, ಕರ್ನಾಟಕದಲ್ಲಿ 4.4 ಲಕ್ಷ. ಶಾಲೆಯ ದಾಖಲೆಯಲ್ಲಿ ‘ಹಿಂದೂ–ಜೈನ’ ಎಂದಿದೆಯೆಂದು ಗಣತಿದಾರರಿಗೂ ಹಾಗೆಯೇ ಹೇಳುವವರು ನಮ್ಮಲ್ಲಿ ಕಡಿಮೆಯಿಲ್ಲ. 2027ರ ಜನಗಣತಿಯಲ್ಲಿ ಧರ್ಮದ ಪ್ರಶ್ನೆಗೆ ‘ಜೈನ’ ಎಂದು ಸ್ಪಷ್ಟವಾಗಿ ಉತ್ತರಿಸಿರಿ. ಪಾಟೀಲ, ಚೌಗುಲೆ, ಹೆಗ್ಡೆ, ಬಲ್ಲಾಳ ಎಂಬ ಅಡ್ಡಹೆಸರುಗಳು ಅದಕ್ಕೆ ಅಡ್ಡಿಯಲ್ಲ. ಹೆಸರಿನ ಮುಂದೆ ‘ಜೈನ್’ ಎಂದು ಸೇರಿಸಬೇಕಾಗಿಯೂ ಇಲ್ಲ. ಅಲ್ಲಿ ಧರ್ಮ ಹೇಳಲು ಮರೆಯುವವರು ತಂಗಿಯ ಪಾಲಿನ ಮುಂದೆ ಮಾತ್ರ ಅದನ್ನು ನೆನಪಿಸಿಕೊಳ್ಳುವುದು ಸಮಾಜಕ್ಕೆ ಶೋಭೆಯಲ್ಲ.

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ನಾವು ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ಓದುತ್ತೇವೆ. ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲೊಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ದಾಖಲೆ ಬರೆಯುವುದು. ಹೆಣ್ಣುಮಕ್ಕಳ ಹೆಸರು ಬಿಟ್ಟು ಪ್ರಮಾಣಪತ್ರ ಮಾಡಿ ತಂದ ವಂಶವೃಕ್ಷಕ್ಕೆ ಇದಕ್ಕಿಂತ ಸರಿಯಾದ ಹೆಸರು ನನಗೆ ತಿಳಿಯದು. ಈ ಸಲ ಉತ್ತಮ ಕ್ಷಮೆ ಕೇಳಲು ತಂಗಿಗೆ ಫೋನ್ ಮಾಡುವ ಮುನ್ನ ಮನೆಯ ವಂಶವೃಕ್ಷವನ್ನೊಮ್ಮೆ ತೆಗೆದು ನೋಡಿರಿ. ಅದರಲ್ಲಿ ಅವಳ ಹೆಸರಿಲ್ಲದಿದ್ದರೆ ಮೊದಲು ಅದನ್ನು ಸೇರಿಸಿರಿ. ಕ್ಷಮೆ ಆಮೇಲೆ ಕೇಳಬಹುದು.